ಬಿರುಕಿನ ಮೇಲಿನ ಗಾಜು

ನೂರು ವರ್ಷ ಹಳೆಯ ಗೋಥಿಕ್ ಇಗರ್ಜಿಯೊಂದರಲ್ಲಿ, ಚೂಪು ಕಮಾನಿನ ಕೆಳಗೆ ಗೋಡೆ ಬಿರುಕು ಬಿಟ್ಟಿತ್ತು. ಗಾರೆಯವರು ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ಹೋದರು. ಅಲ್ಲೇ ವಾಸವಿದ್ದ ಹಲ್ಲಿಗೆ ಕುತೂಹಲ ತಡೆಯಲಾಗಲಿಲ್ಲ.

"ಕಿಟಕಿಯ ಗಾಜುಗಳಿಗಾದರೆ ಬಣ್ಣವಿದೆ. ನಿನಗೇನು ಕೆಲಸ?" ಎಂದು ಕೇಳಿತು.

"ಗೋಡೆ ಅಲುಗಿದರೆ ಒಡೆಯುವುದು," ಎಂದಿತು ಗಾಜು.

ಇದೆಂಥ ಕೆಲಸವೆಂದು ಹಲ್ಲಿ ದಿನವೂ ಬಂದು ನೋಡತೊಡಗಿತು.

ಮಳೆಗಾಲದ ಒಂದು ಬೆಳಿಗ್ಗೆ ಗೋಡೆ ಪಿಸುಗುಟ್ಟಿತು: "ತಮ್ಮಾ, ನಾನು ಕೂದಲೆಳೆಯಷ್ಟು ಜರುಗುತ್ತಿದ್ದೇನೆ. ಸ್ವಲ್ಪ ಬಾಗಿಕೋ. ಜನಕ್ಕೆ ತಿಳಿದರೆ ನನ್ನ ಮರ್ಯಾದೆ ಹೋಗುತ್ತದೆ."

"ಬಾಗಲು ನನಗೆ ಬರುವುದಿಲ್ಲ, ಅಜ್ಜಾ," ಎಂದ ಗಾಜು ಟಣ್ಣೆಂದು ಒಡೆಯಿತು.

ಅದನ್ನು ಕಂಡು, ಗೋಡೆ ಜರುಗುತ್ತಿದೆಯೆಂದು ಅರಿತ ಗಾರೆಯವರು ಸಂಜೆಯೊಳಗೆ ಗೋಡೆಗೆ ಮರದ ಆಸರೆ ಕೊಟ್ಟು, ಹೊಸ ಗಾಜು ಅಂಟಿಸಿದರು.

ಅವರು ಹೋದ ಮೇಲೆ ಗೋಡೆ ಮೆಲ್ಲಗೆ ಕೇಳಿತು: "ಹಲ್ಲಿಯಣ್ಣಾ, ಸರಿಯಾಗಿ ನೋಡಿ ಹೇಳು. ಇದೂ ಸುಲಭವಾಗಿ ಒಡೆಯುತ್ತದೆ ತಾನೆ?"