ಎರಡೂ ಕೈ ಬಿಟ್ಟ ನಾವಿಕ

“ಗುರುಗಳೇ, ನಂಬಿಕೆಗೆ ತಕ್ಕದ್ದು ಯಾವುದೆಂದು ತಿಳಿಯುವುದು ಹೇಗೆ? ನಾಲ್ಕು ವರ್ಷದಿಂದ ನಿಮ್ಮ ಮಾತನ್ನು ಒರೆಗೆ ಹಚ್ಚುತ್ತಲೇ ಇದ್ದೇನೆ. ಹುಳುಕು ಸಿಕ್ಕಿಲ್ಲ. ಆದರೂ ಮನಸ್ಸು ನಿಲ್ಲುತ್ತಿಲ್ಲ” ಎಂದು ಶಿಷ್ಯ ಕರಿಬಸಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನಾವಿಕನಿದ್ದ. ಹಡಗಿನ ಹಾಯಿಕಂಬ ಹತ್ತುವುದು ಅವನ ಕೆಲಸ. ಹತ್ತುವವನ ಸೊಂಟದ ಪಟ್ಟಿಗೆ ಒಂದು ಹಗ್ಗ, ಹಗ್ಗದ ತುದಿಗೆ ಒಂದು ಕಬ್ಬಿಣದ ಕೊಂಡಿ. ಮೇಲೆ ಹೋದವನು ಅದನ್ನು ಕಂಬದ ಬಳೆಗೆ ಸಿಕ್ಕಿಸಿಕೊಳ್ಳಬೇಕು. ಜೀವವೆಲ್ಲ ಆ ಕೊಂಡಿಯಲ್ಲಿ.

ಹೊಸ ಕೊಂಡಿ ಆರಿಸುವಾಗ ಅವನು ಕಮ್ಮಾರನ ತಲೆ ತಿಂದುಬಿಟ್ಟ. ಬರೀ ಹೊಳಪಿದ್ದುದನ್ನು ಬದಿಗಿಟ್ಟ. ಕೂದಲೆಳೆಯಷ್ಟು ಬಿರುಕಿದ್ದುದನ್ನು ಎಸೆದ. ಅದುಮಿ ಬಿಟ್ಟೊಡನೆ ಬಾಯಿ ಮುಚ್ಚಿಕೊಳ್ಳದ್ದನ್ನು ಮತ್ತೆ ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಒಂದನ್ನು ಆರಿಸಿದ. ಆಯ್ಕೆ ಸರಿಯಾಗಿಯೇ ಇತ್ತು.

ಆ ಹಡಗಿನಲ್ಲಿ ಒಂದು ರೂಢಿ. ಹೊಸ ಕೊಂಡಿ ತಂದವನು ಆಳೆತ್ತರ ಹತ್ತಿ, ಅದನ್ನು ಸಿಕ್ಕಿಸಿ, ಎಲ್ಲರೆದುರು ಎರಡೂ ಕೈ ಬಿಟ್ಟು ಜೋತುಬೀಳಬೇಕು. “ಇಷ್ಟು ನೋಡಿ ತಂದಿದ್ದೇನೆ. ಇನ್ನು ಬಾವಲಿಯ ಹಾಗೆ ನೇತಾಡಬೇಕೆ?” ಎಂದು ನಾವಿಕ ಜಾರಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ.

ಮೂರನೆಯ ದಿನ ಮಧ್ಯಾಹ್ನ ಬಿರುಗಾಳಿ ಎದ್ದಿತು. ಮೇಲೆ ಹಾಯಿಯ ಗಂಟು ಬಿಗಿದುಕೊಂಡಿತು. ಅದನ್ನು ಬಿಚ್ಚಿ ಹಾಯಿ ಇಳಿಸದಿದ್ದರೆ ಹಡಗು ಮಗುಚಿ ಎಲ್ಲರೂ ನೀರುಪಾಲು. ನಾವಿಕ ಹತ್ತಿದ, ಕೊಂಡಿ ಸಿಕ್ಕಿಸಿದ. ಆಮೇಲೆ ಎರಡೂ ಕೈಯಿಂದ ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟ. ಗಂಟು ಮೊಳ ದೂರದಲ್ಲಿತ್ತು. ಬಿಚ್ಚಲು ಕೈ ಬೇಕಲ್ಲ!

ಹಡಗು ವಾಲಿತು. ಹಡಗು ನಡೆಸುವ ಮುದುಕ ಕೆಳಗಿನಿಂದ ಕೂಗಿದ:

“ಕೊಂಡಿ ಉಂಟಲ್ಲ, ಕೈ ಬಿಡು ಮಾರಾಯ!”

ನಾವಿಕ ಕಣ್ಣು ಮುಚ್ಚಿ ಕೈ ಬಿಟ್ಟ. ಸೊಂಟದ ಪಟ್ಟಿ ಬಿಗಿಯಿತು. ಕೊಂಡಿ ಕಮಕ್ ಕಿಮಕ್ ಎನ್ನಲಿಲ್ಲ. ಅವನಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಈಗ ಎರಡೂ ಕೈ ಖಾಲಿ. ಗಂಟು ಬಿಚ್ಚಿದ. ಹಾಯಿ ಇಳಿಯಿತು, ಹಡಗು ನೆಟ್ಟಗಾಯಿತು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸಯ್ಯನಿಗೆ ಸಮಾಧಾನವಾಯಿತು. “ಹಾಗಾದರೆ ಆ ಕೊಂಡಿ ಒಳ್ಳೆಯದೇ ಆಗಿತ್ತು” ಎಂದ.

“ಅದು ಕಮ್ಮಾರನ ಮನೆಯಲ್ಲೇ ಒಳ್ಳೆಯದಾಗಿತ್ತು ಮಗೂ. ನಾವಿಕನ ಮನಸ್ಸು ನಿಂತದ್ದು ಕೈ ಬಿಟ್ಟ ಮೇಲೆ. ನಿನ್ನ ಎರಡು ಕೈ ಈಗ ಎಲ್ಲಿವೆ?” ಎಂದರು ಗುರುಗಳು.

ಕರಿಬಸಯ್ಯ ತನ್ನ ಅಂಗೈಗಳನ್ನು ನೋಡಿಕೊಂಡ.