ಫೋಟೊ ಬೂತಿನ ಎರಡು ಸ್ಕ್ರೀನ್‌ಗಳು

ಮದುವೆ ಛತ್ರದ ಮೂಲೆಯ ಫೋಟೊ ಬೂತಿಗೆ ಎರಡು ಸ್ಕ್ರೀನ್‌ಗಳಿದ್ದವು. ಬೂತಿನ ಬಟ್ಟೆಯ ಪರದೆಯೊಳಗಿನ ಚಿಕ್ಕದು ಎದುರು ಕೂತವರಿಗೆ ಅವರ ಮುಖ ತೋರಿಸುತ್ತಿತ್ತು. ಹೊರಗಿನ ದೊಡ್ಡದು ತೆಗೆದ ಫೋಟೊಗಳನ್ನು ಊಟಕ್ಕೆ ಕಾದವರಿಗೆಲ್ಲ ತೋರಿಸುತ್ತಿತ್ತು.

"ಜನ ಹಲ್ಲು ಕಿರಿಯುವುದು ನನ್ನೆದುರು, ಹೆಸರು ಬರುವುದು ನಿನಗೆ," ಎಂದು ಚಿಕ್ಕದು ಬೆಳಗಿನಿಂದ ಗೊಣಗುತ್ತಿತ್ತು.

ಮಧ್ಯಾಹ್ನ ವೈರು ಸಡಿಲಾಗಿ ದೊಡ್ಡದು ಕಪ್ಪಾಯಿತು. ಬೂತು ನಡೆಸುವ ಚನ್ನವೀರ ಅವಸರದಲ್ಲಿ ಅದನ್ನು ಮತ್ತೆ ಜೋಡಿಸಿ, ಸೆಟ್ಟಿಂಗ್ ನೋಡದೆ ಊಟಕ್ಕೆ ಹೋದ. ಈಗ ಒಳಗೆ ಕಂಡದ್ದೆಲ್ಲ ಹೊರಗೂ ಕಾಣತೊಡಗಿತು.

"ಇನ್ನು ಇಡೀ ಛತ್ರ ನನ್ನನ್ನೇ ನೋಡಬೇಕು," ಎಂದು ಚಿಕ್ಕದು ಹಿಗ್ಗಿತು.

ಆಗ ಮದುಮಗಳ ಅಕ್ಕ ನಾಗವೇಣಿ ಒಬ್ಬಳೇ ಒಳಬಂದು ಪರದೆ ಎಳೆದುಕೊಂಡಳು. ತನಗಿಂತ ಮೊದಲು ತಂಗಿಗೆ ಮದುವೆಯಾದದ್ದಕ್ಕೆ ನೆಂಟರ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಕಣ್ಣೊರೆಸಿಕೊಂಡು, ಸ್ಕ್ರೀನ್ ನೋಡುತ್ತ ನಗುವುದನ್ನು ಅಭ್ಯಾಸ ಮಾಡಿದಳು. ತುಟಿ ನಡುಗಿತು. ಮತ್ತೆ ಮಾಡಿದಳು.

ಹೊರಗೆ ಯಾರೋ ಕಿಸಕ್ಕೆಂದರು. ಆಮೇಲೆ ಛತ್ರವೆಲ್ಲ ನಕ್ಕಿತು. ಮದುವೆಮನೆಯಲ್ಲಿ ನಗು ಇದ್ದದ್ದೇ ಎಂದುಕೊಂಡಳು ನಾಗವೇಣಿ.

"ನಿಲ್ಲಿಸು," ಎಂದಿತು ಚಿಕ್ಕದು.

"ಬಂದದ್ದನ್ನು ತೋರಿಸುವುದಷ್ಟೇ ನನ್ನ ಕೆಲಸ," ಎಂದಿತು ದೊಡ್ಡದು. "ಅವಳೆದುರು ಇರುವುದು ನೀನು. ನೀನೇ ಹೇಳು."

ಆದರೆ ಚಿಕ್ಕದಕ್ಕೆ ಅವಳ ಮುಖವನ್ನಲ್ಲದೆ ಬೇರೇನನ್ನೂ ಅವಳಿಗೆ ತೋರಿಸಲು ಬರುತ್ತಿರಲಿಲ್ಲ.

ನಾಲ್ಕನೆಯ ಸಲ ನಗು ಸರಿಯಾಗಿ ಬಂತು. ಅದನ್ನು ಹಾಗೇ ಹಿಡಿದುಕೊಂಡು ನಾಗವೇಣಿ ಪರದೆ ಸರಿಸಿ ಹೊರಗೆ ಹೋದಳು.