ಗಿಳಿಯಣ್ಣನ ಬಲೆ

ಉಗ್ರಾಣಕ್ಕೆ ಎಷ್ಟು ಕಾಳು ಬಂತು, ಎಷ್ಟು ಹೋಯಿತು ಎಂಬುದನ್ನು ಎಳೆ ಮಿಡಿದು ತಿಳಿಸುವ ಬಲೆಯೊಂದನ್ನು ಜೇಡ ನೇಯ್ದಿತು. ಆದರೆ ಅಳಿಲುಗಳ ಮನೆಮನೆಗೆ ಹೋಗಿ ಮಾರೋಣವೆಂದರೆ ಅದಕ್ಕೆ ಬಾಯೇ ಬರದು.

"ನೇಯುವವರು ಬಾಗಿಲು ತಟ್ಟಬಾರದು. ಮಾರಾಟ ನನಗೆ ಬಿಡು," ಎಂದಿತು ಗಿಳಿ. ಜೇಡಕ್ಕೆ ಹೋದ ಜೀವ ಬಂದಂತಾಯಿತು.

ಸುಗ್ಗಿ ಮುಗಿಯುವುದರೊಳಗೆ ನೂರು ಬಲೆ ಖರ್ಚಾದವು.

"ಹರಿದರೆ ನಾನೇ ಕಟ್ಟಿಕೊಡಬೇಕಲ್ಲ, ಯಾವ ಯಾವ ಮನೆಗೆ ಕೊಟ್ಟೆ?" ಎಂದು ಜೇಡ ಕೇಳಿದಾಗಲೆಲ್ಲ, "ಗಿರಾಕಿಗಳು ನನ್ನವರು, ನಿನಗೇಕೆ?" ಎಂದು ಗಿಳಿ ಹಾರಿಹೋಗುತ್ತಿತ್ತು.

ಒಂದು ದಿನ ಗಿಳಿ ಬರಲೇ ಇಲ್ಲ. ಅಗ್ಗಕ್ಕೆ ನೇಯುವ ಬೇರೊಂದು ಜೇಡ ಅದಕ್ಕೆ ಸಿಕ್ಕಿತ್ತು. ದಿಕ್ಕು ತೋಚದೆ ಊರೆಲ್ಲ ಅಲೆದ ಜೇಡ, ಕೊನೆಗೆ ಒಂದು ಪೊಟರೆಯಲ್ಲಿ ತನ್ನದೇ ಬಲೆ ಹರಿದು ಜೋಲುತ್ತಿರುವುದನ್ನು ಕಂಡಿತು. ಓಡಿಹೋಗಿ ಎಳೆ ಹಿಡಿದು, "ಅಮ್ಮಾ, ಇದನ್ನು ನೇಯ್ದವನು ನಾನು. ಈಗಲೇ ಸರಿಮಾಡಿಕೊಡುತ್ತೇನೆ," ಎಂದಿತು.

"ನೀನ್ಯಾರೋ ನನಗೆ ಗೊತ್ತಿಲ್ಲ. ಇದು ಗಿಳಿಯಣ್ಣನ ಬಲೆ. ನಾಳೆ ಹೊಸದು ತರುತ್ತಾನೆ," ಎಂದ ಅಳಿಲು, ಹೊಸ ಬಲೆಗೆ ಜಾಗ ಮಾಡಲು ಹಳೆಯದನ್ನೂ ಅದನ್ನು ಹಿಡಿದಿದ್ದ ಜೇಡವನ್ನೂ ಬಾಲದಿಂದ ಒಟ್ಟಿಗೇ ಗುಡಿಸಿ ಹೊರಗೆ ಹಾಕಿತು.